ಇಪ್ಪತ್ತೊಂಬತ್ತನೆಯ ಅಂಶ

ಶಿವಯೋಗಿಯ ಏಳನೆಯ ಸಂದರ್ಶನದ ಫಲಿತಾಂಶ ಬಂದಾಗ ಅವನ ಅಕ್ಕ ನೀಲಾಂಬಿಕಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಫೋನಿನ ಪರದೆಯ ಮೇಲೆ ಮೂಡಿದ್ದು ಒಂದೇ ಸಂಖ್ಯೆ: ನಲವತ್ತೊಂದು. ನೌಕರಿ ಸಿಗಲು ಅರವತ್ತು ಬೇಕಿತ್ತು. ಮೊದಲ ಸಲ ಅವನಿಗೆ ಐವತ್ತೆಂಟು ಬಂದಾಗ ಇಬ್ಬರೂ, ಇನ್ನೆರಡೇ ಅಂಕ, ಮುಂದಿನ ಸಲ ಆಗಿಯೇ ಆಗುತ್ತದೆ ಎಂದುಕೊಂಡಿದ್ದರು. ಆಮೇಲೆ ಅದು ಇಳಿಯುತ್ತಲೇ ಹೋಯಿತು.

ಯಾವ ನೌಕರಿಗೇ ಆಗಲಿ, ಮನುಷ್ಯರು ಮನುಷ್ಯರನ್ನು ಸಂದರ್ಶಿಸುವ ಪದ್ಧತಿ ನಿಂತು ಆಗಲೇ ಹನ್ನೆರಡು ವರ್ಷವಾಗಿತ್ತು. ಸಂದರ್ಶಕರು ಜಾತಿ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಪರಿಚಯದವರ ಮಕ್ಕಳನ್ನೇ ಆರಿಸುತ್ತಾರೆ ಎಂಬ ದೂರುಗಳು ಹೆಚ್ಚಾಗಿ, ಅವರ ಜಾಗಕ್ಕೆ ನಿಲುಗನ್ನಡಿ ಬಂದಿತ್ತು. ಅಭ್ಯರ್ಥಿ ಒಂದು ಕೋಣೆಯಲ್ಲಿ ಆಳೆತ್ತರದ ಕನ್ನಡಿಯ ಎದುರು ಕುಳಿತು, ಒಂದು ಧ್ವನಿ ಕೇಳುವ ಪ್ರಶ್ನೆಗಳಿಗೆ ಇಪ್ಪತ್ತು ನಿಮಿಷ ಉತ್ತರ ಹೇಳಬೇಕು. ಕನ್ನಡಿಯ ಹಿಂದಿನ ಹದಿನಾರು ಕ್ಯಾಮೆರಾಗಳು ಅವನ ಉತ್ತರಕ್ಕಿಂತ ಹೆಚ್ಚಾಗಿ ಅವನ ಮೈಯನ್ನು ಗಮನಿಸುತ್ತವೆ. ಬೆನ್ನು ಎಷ್ಟು ನೆಟ್ಟಗಿದೆ, ಅಂಗೈ ತೆರೆದಿದೆಯೋ ಮುಚ್ಚಿದೆಯೋ, ನಗು ಕಣ್ಣಿನವರೆಗೆ ಬಂತೋ ತುಟಿಯಲ್ಲೇ ನಿಂತಿತೋ, ಹೀಗೆ ಮೂವತ್ತನಾಲ್ಕು ಅಂಶಗಳು. ಎಲ್ಲ ಕೂಡಿಸಿ ಒಂದು ಅಂಕ. ಅದಕ್ಕೆ ಜಾತಿ ಗೊತ್ತಿಲ್ಲ, ಊರು ಗೊತ್ತಿಲ್ಲ. ಜನ ಅದನ್ನು ನಂಬಿದ್ದರು. ನೀಲಾ ಎಲ್ಲರಿಗಿಂತ ಹೆಚ್ಚು ನಂಬಿದ್ದಳು, ಏಕೆಂದರೆ ಅವಳಿಗೆ ಅನ್ನ ಕೊಡುತ್ತಿದ್ದುದೇ ಆ ಕನ್ನಡಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ರಸ್ತೆಯಲ್ಲಿದ್ದ ನಿಯಂತ್ರಣ ಕೇಂದ್ರದಲ್ಲಿ ಅವಳು ಹಿರಿಯ ಪರಿಶೀಲಕಿ. ಯಂತ್ರದ ಅಳತೆ ದಾರಿ ತಪ್ಪಿಲ್ಲವೆಂದು ಪ್ರತಿ ತಿಂಗಳು ಸಹಿ ಹಾಕುವವಳು ಅವಳೇ.

"ಎಷ್ಟ್ ಬಂತು?" ಎಂದು ಹೊರಗಿನ ಕೋಣೆಯಿಂದ ಯೋಗಿ ಕೇಳಿದ.

"ನೀನೇ ನೋಡು ಬಾ," ಎಂದಳು ನೀಲಾ.

ಅವನು ಬಂದು ಬಾಗಿಲಲ್ಲಿ ನಿಂತ. ಇಪ್ಪತ್ಮೂರು ವರ್ಷದ ಹುಡುಗ. ಅಪ್ಪ ಅವ್ವ ಒಂದೇ ಬಸ್ಸಿನ ಅಪಘಾತದಲ್ಲಿ ಹೋದಾಗ ಅವನಿಗೆ ಹತ್ತು, ಅವಳಿಗೆ ಇಪ್ಪತ್ತೊಂದು. ಅಂದಿನಿಂದ ಅವಳೇ ಅವನಿಗೆ ತಲೆ ಬಾಚಿದ್ದಳು, ಅವಳೇ ಡಿ.ಎಡ್. ಓದಿಸಿದ್ದಳು. ಒಂದನೇ ಎರಡನೇ ಇಯತ್ತೆಯ ಮಕ್ಕಳಿಗೆ ಪಾಠ ಹೇಳಬೇಕೆಂಬುದೊಂದೇ ಅವನ ಆಸೆ. ಓದುವಾಗ ಪ್ರಾಯೋಗಿಕ ಪಾಠಕ್ಕೆಂದು ಹೋದ ಶಾಲೆಯಲ್ಲಿ ಮಕ್ಕಳು ಅವನನ್ನು ಬಿಟ್ಟುಕೊಡಲು ಒಪ್ಪಿರಲಿಲ್ಲ. ಕರಡಿಯ ಕಥೆ ಹೇಳಿದರೆ ಅವನ ಮುಖವೇ ಕರಡಿಯಾಗುತ್ತಿತ್ತು, ಮುದುಕಿಯ ಕಥೆ ಹೇಳಿದರೆ ಗಲ್ಲ ಒಳಗೆ ಹೋಗಿ ಹಲ್ಲಿಲ್ಲದ ಬಾಯಿಯಾಗುತ್ತಿತ್ತು. ಓಣಿಯ ಮಂದಿಯ ನಡಿಗೆ, ಮಾತು, ಸಿಟ್ಟು ಎಲ್ಲವನ್ನೂ ಊಟದ ಹೊತ್ತಿಗೆ ಮಾಡಿ ತೋರಿಸಿ ಅಕ್ಕನಿಗೆ ತುತ್ತು ನೆತ್ತಿಗೇರಿಸುತ್ತಿದ್ದ.

ಈಚೆಗೆ ಅದೆಲ್ಲ ನಿಂತಿತ್ತು. ನೌಕರಿ ಸಿಗದ ಬೇಸರ ಎಂದುಕೊಂಡಳು ನೀಲಾ. ಅದರಲ್ಲಿ ವಿಶೇಷವೇನೂ ಅವಳಿಗೆ ಕಾಣಲಿಲ್ಲ.

"ನಲವತ್ತೊಂದು," ಎಂದ ಯೋಗಿ. ಅವನ ಮುಖದಲ್ಲಿ ದುಃಖವೂ ಕಾಣಲಿಲ್ಲ, ನಾಚಿಕೆಯೂ ಕಾಣಲಿಲ್ಲ. ನೀಲಾಗೆ ರೇಗಿತು.

"ನಿನಗ ಏನೂ ಅನಸೂದಿಲ್ಲೇನೋ? ಕಲ್ಲಿನಂಗ ನಿಂತೀಯಲ್ಲ!"

"ಅನಸ್ತೈತಿ, ಅಕ್ಕಾ."

"ಹಂಗಾರ ಮಾರಿ ಮ್ಯಾಲೆ ತೋರಸು. ಆ ಕನ್ನಡಿ ಕೇಳೂದೂ ಅಷ್ಟ."

ಮರುದಿನದಿಂದ ಅವಳು ತಾನೇ ಕಲಿಸಲು ನಿಂತಳು. ಕೆಲಸ ಮುಗಿಸಿ ಸಂಜೆ ಆರಕ್ಕೆ ಬಂದವಳೇ ಬೀರುವಿನ ಕನ್ನಡಿಯ ಎದುರು ಕುರ್ಚಿ ಹಾಕಿ ಅವನನ್ನು ಕೂರಿಸುತ್ತಿದ್ದಳು. ಯಂತ್ರ ಏನನ್ನು ನೋಡುತ್ತದೆ ಎಂಬುದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು? ಬೆನ್ನು ಕುರ್ಚಿಗೆ ತಾಗಬಾರದು. ಮುಂದಕ್ಕೆ ಸ್ವಲ್ಪ ಬಾಗಬೇಕು, ಆಸಕ್ತಿ ಇದೆ ಅನ್ನಿಸುವಷ್ಟು ಮಾತ್ರ. ಕೈಗಳು ತೊಡೆಯ ಮೇಲೆ, ಅಂಗೈ ಅರ್ಧ ತೆರೆದು. ಪ್ರಶ್ನೆ ಮುಗಿಯುವ ಮೊದಲು ಒಮ್ಮೆ ತಲೆಯಾಡಿಸಬೇಕು. ಮೊದಲ ನಾಲ್ಕು ಸೆಕೆಂಡಿನಲ್ಲಿ ನಗು ಬರಬೇಕು.

"ನಗು."

ಯೋಗಿ ಕನ್ನಡಿಯನ್ನೇ ನೋಡುತ್ತ ಕುಳಿತಿದ್ದ.

"ನಗೋ ಯೋಗಿ. ಎಷ್ಟ್ ಸಲಾ ಹೇಳಬೇಕು?"

"ಅಕ್ಕಾ, ನಾ ನಗಾಕತ್ತೇನಿ."

ಅವಳು ಅದನ್ನು ಉಡಾಫೆ ಎಂದುಕೊಂಡಳು. ಎರಡು ಬೆರಳಿನಿಂದ ಅವನ ತುಟಿಯ ಎರಡೂ ತುದಿಗಳನ್ನು ಮೇಲಕ್ಕೆ ಎಳೆದು, "ಇದು ನಗೂದು. ತಿಳೀತಿಲ್ಲೋ?" ಎಂದಳು. ಬೆರಳು ಒದ್ದೆಯಾಯಿತು. ಅವನ ಬಾಯಿಯ ಮೂಲೆಯಿಂದ ಜೊಲ್ಲು ಇಳಿದಿತ್ತು. "ಥೂ, ಸಣ್ಣ ಕೂಸಿನಂಗ! ಬಾಯಿ ಒರಸ್ಕೋ. ಅಲ್ಲಿ ಹಿಂಗ ಕುಂತ್ರ ಯಾರು ನಿನ್ನ ಕಡೆ ಮಕ್ಕಳನ್ನ ಬಿಡತಾರ?"

ಯೋಗಿ ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡ. ಆಮೇಲೆ ಅವನೇ ಕುರ್ಚಿಯನ್ನು ಕನ್ನಡಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, "ಇನ್ನೊಮ್ಮೆ ಹೇಳಿಕೊಡು," ಎಂದ.

ಎರಡು ತಿಂಗಳು ಹೀಗೆ ನಡೆಯಿತು. ನೀಲಾ ಮನೆಯಲ್ಲಿ ಇಲ್ಲದಾಗಲೂ ಅವನು ಅಭ್ಯಾಸ ಮಾಡುತ್ತಿದ್ದ. ಮಧ್ಯಾಹ್ನ ಬೀರುವಿನ ಮುಂದೆ ಗಂಟೆಗಟ್ಟಲೆ ಕೂತಿರತಾನ ಎಂದು ಪಕ್ಕದ ಮನೆಯ ಗುರುಬಸವ್ವ ಹೇಳಿದಾಗ ನೀಲಾಗೆ ಸಮಾಧಾನವೇ ಆಯಿತು. ಎಂಟನೆಯ ಸಂದರ್ಶನ ಊರಿನ ಅಂಚಿನ ಒಂದು ಹೊಸ ಶಾಲೆಯದು. ಆ ದಿನ ಅವಳು ಅವನಿಗೆ ತಿಳಿನೀಲಿ ಅಂಗಿ ಇಸ್ತ್ರಿ ಮಾಡಿ ಕೊಟ್ಟಳು. ಗುಂಡಿ ಹಾಕಿಕೊಳ್ಳಲು ಅವನು ತಡವರಿಸಿದಾಗ ಹೊತ್ತಾಯಿತೆಂದು ಬೈದು ತಾನೇ ಹಾಕಿದಳು.

ಅಂಕ ಇಪ್ಪತ್ತಾರು ಬಂತು.

ಅಷ್ಟು ಕಡಿಮೆ ಅಂಕವನ್ನು ನೀಲಾ ಅದುವರೆಗೆ ಕುಡಿದು ಬಂದ ಅಭ್ಯರ್ಥಿಗಳಲ್ಲಿ ಮಾತ್ರ ಕಂಡಿದ್ದಳು. ಯಂತ್ರವೇ ಕೆಟ್ಟಿರಬೇಕು ಅನ್ನಿಸಿತು. ಸಂಬಂಧಿಕರ ದಾಖಲೆಯನ್ನು ನೌಕರರು ತೆರೆಯಕೂಡದೆಂಬ ನಿಯಮವಿತ್ತು. ಹನ್ನೊಂದು ವರ್ಷದ ಸೇವೆಯಲ್ಲಿ ಅವಳು ಒಂದು ನಿಯಮವನ್ನೂ ಮುರಿದವಳಲ್ಲ. ಮರುದಿನ ಬೆಳಿಗ್ಗೆ, ಉಳಿದವರು ಚಹಾಕ್ಕೆ ಎದ್ದುಹೋದ ಮೇಲೆ, ನಿಯಂತ್ರಣ ಕೋಣೆಯ ದೊಡ್ಡ ಪರದೆಯ ಮೇಲೆ ತಮ್ಮನ ಎಂಟೂ ಸಂದರ್ಶನಗಳನ್ನು ಸಾಲಾಗಿ ಜೋಡಿಸಿ ಒಟ್ಟಿಗೇ ಓಡಿಸಿದಳು.

ಎಂಟು ಮಂದಿ ಯೋಗಿಯರು ಒಂದೇ ಸಲ ಕೋಣೆಯೊಳಗೆ ಬಂದು ಕುರ್ಚಿಯ ಮೇಲೆ ಕುಳಿತರು.

ಮೊದಲನೆಯವನು ಅವಳಿಗೆ ಗೊತ್ತಿದ್ದ ತಮ್ಮ. ಗಾಬರಿಯಲ್ಲಿ ನಗುತ್ತಿದ್ದ, ಕೂದಲು ಸರಿಪಡಿಸಿಕೊಳ್ಳುತ್ತಿದ್ದ, ಮಾತಿನ ನಡುವೆ ಎರಡೂ ಕೈ ಬೀಸುತ್ತಿದ್ದ. ಮೂರನೆಯವನ ಎಡಗೈ ನಡೆಯುವಾಗ ಬೀಸುತ್ತಿರಲಿಲ್ಲ. ಐದನೆಯವನು ಎಷ್ಟು ಹೊತ್ತಾದರೂ ರೆಪ್ಪೆ ಬಡಿಯುತ್ತಿರಲಿಲ್ಲ. ಆರನೆಯವನ ನಗು ಧ್ವನಿ ಕೇಳಿದ ಮೂರು ಸೆಕೆಂಡಿನ ಮೇಲೆ ಹೊರಟು, ಅರ್ಧದಲ್ಲಿ ಸಿಕ್ಕಿಕೊಂಡು, ಇಳಿಯಲು ಮರೆತಂತೆ ಹಾಗೇ ಉಳಿಯಿತು. ಎಂಟನೆಯವನು ಅವಳು ಹೇಳಿಕೊಟ್ಟದ್ದನ್ನೆಲ್ಲ ಮಾಡುತ್ತಿದ್ದ. ಕುರ್ಚಿಗೆ ಬೆನ್ನು ತಾಗಿಸದೆ ಕುಳಿತಿದ್ದ, ಅಂಗೈ ತೆರೆದಿಡಲು ಹೆಣಗುತ್ತಿದ್ದ. ತೆರೆದ ಬೆರಳುಗಳು ಮತ್ತೆ ಮತ್ತೆ ತಾವಾಗಿ ಮಡಚಿಕೊಳ್ಳುತ್ತಿದ್ದವು. ಅವನು ಒಂದು ಕೈಯಿಂದ ಇನ್ನೊಂದನ್ನು ಬಿಡಿಸಿ ತೊಡೆಯ ಮೇಲಿಡುತ್ತಿದ್ದ.

ನೀಲಾ ಅವನ ಕಣ್ಣನ್ನು ದೊಡ್ಡದು ಮಾಡಿ ನೋಡಿದಳು. ಕಪ್ಪು ಆಲಿಯ ಅಂಚಿನ ಸುತ್ತ ತೆಳುವಾದ ಕಂದು ಹೊನ್ನಿನ ಬಳೆಯೊಂದು ಇತ್ತು. ಮೊದಲ ದಾಖಲೆಯಲ್ಲಿ ಅದು ಕೂದಲೆಳೆಯಷ್ಟು. ಎಂಟನೆಯದರಲ್ಲಿ ಯಾರಿಗಾದರೂ ಕಾಣುವಷ್ಟು.

ಆಮೇಲೆ ಅವಳು ಅಂಶಗಳ ಪಟ್ಟಿ ತೆಗೆದಳು. ಬೇರೆಲ್ಲ ಅಂಶಗಳು ಸ್ವಲ್ಪ ಏರಿ ಸ್ವಲ್ಪ ಇಳಿದಿದ್ದವು. ಇಪ್ಪತ್ತೊಂಬತ್ತನೆಯದು ಮಾತ್ರ ಮೂರನೆಯ ಸಂದರ್ಶನದಿಂದ ಕೆಂಪು ಗೆರೆ ದಾಟಿ ನೇರವಾಗಿ ಮೇಲಕ್ಕೆ ಹೋಗಿತ್ತು. ಅದರ ಪಕ್ಕದಲ್ಲಿ ಒಂದು ಟಿಪ್ಪಣಿ: ದೀರ್ಘ ರಜೆಯ ಸಂಭವ ಹೆಚ್ಚು, ಬೇಡ. ಮೂರನೆಯ ಸಂದರ್ಶನ ನಡೆದು ಹದಿನಾಲ್ಕು ತಿಂಗಳಾಗಿತ್ತು.

ಆ ಅಂಶದ ಚರಿತ್ರೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಉಳಿದ ಮೂವತ್ತಮೂರಕ್ಕೆ ಮನುಷ್ಯರು ಹೆಸರಿಟ್ಟಿದ್ದರು. ಇಪ್ಪತ್ತೊಂಬತ್ತನ್ನು ಯಂತ್ರ ತಾನೇ ಹುಡುಕಿಕೊಂಡಿತ್ತು. ಯಾರು ನೌಕರಿಯಲ್ಲಿ ಉಳಿದರು, ಯಾರು ಅರ್ಧಕ್ಕೆ ಬಿಟ್ಟರು ಎಂಬ ಲಕ್ಷಾಂತರ ದಾಖಲೆಗಳನ್ನು ಅರೆದು, ಮೈಯ ಕೆಲವು ಸಣ್ಣ ಚಲನೆಗಳಿಗೂ ಮುಂದೆ ಹಾಕುವ ರಜೆಗೂ ಸಂಬಂಧವಿದೆ ಎಂದು ಕಂಡುಕೊಂಡಿತ್ತು. ಏಕೆ ಎಂದು ಅದು ಹೇಳುವುದಿಲ್ಲ. ಎರಡು ವರ್ಷದ ಹಿಂದೆ ನೀಲಾ ಅದನ್ನು ಗುರುತಿಸಿ, ಇದೇನೆಂದು ಮುಖ್ಯಸ್ಥ ಜಿನದತ್ತ ಉಪಾಧ್ಯೆಯವರನ್ನು ಕೇಳಿದ್ದಳು. "ಹೆಸರ್ಯಾಕ ಬೇಕ್ರಿ? ಲೆಕ್ಕ ಸರಿ ಬರತೈತಿ, ಸಾಕಲ್ಲ," ಎಂದಿದ್ದರು ಅವರು. ಅವಳು ಸಹಿ ಹಾಕಿದ್ದಳು.

ಪರದೆಯ ಮೇಲೆ ಎಂಟೂ ಯೋಗಿಯರು ಎದ್ದು ಹೊರಟುಹೋದರು. ನೀಲಾ ಮತ್ತೆ ಮೊದಲಿನಿಂದ ಓಡಿಸಲಿಲ್ಲ. ತಮ್ಮನ ತುಟಿ ಎಳೆದಿದ್ದ ಎರಡು ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು, ಎದ್ದು ಉಪಾಧ್ಯೆಯವರ ಕಡೆ ನಡೆದಳು.

ಉಪಾಧ್ಯೆ ತಮ್ಮ ಕೋಣೆಯಲ್ಲಿ ಪೂರ್ತಿ ಕೇಳಿಸಿಕೊಂಡರು. ಕೆಟ್ಟ ಮನುಷ್ಯರೇನಲ್ಲ. ಅವಳಿಗೆ ನೀರು ಕೊಟ್ಟರು, ಕೂರಲು ಹೇಳಿದರು.

"ನೋಡ್ರಿ ನೀಲಾ, ನಾವು ಡಾಕ್ಟರಲ್ಲ. ಇದು ರೋಗ ಅಂತ ಯಂತ್ರಕ್ಕೂ ಗೊತ್ತಿಲ್ಲ, ನಮಗೂ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ ಸರ್, ಖರೆ. ಆದ್ರ ಏನೋ ಐತಿ ಅಂತ ಗೊತ್ತಿತ್ತಲ್ಲ? ಶಾಲಿಯವರಿಗೆ ಹೇಳೀವಿ. ಅವಂಗ ಯಾಕ ಹೇಳಲಿಲ್ಲ?"

"ಕರಾರಿನ್ಯಾಗ ಹಂಗಿಲ್ಲ. ದಾಖಲೆ ನೌಕರಿ ಕೊಡವರದು."

"ಮೈ ಅವಂದಲ್ರೀ ಸರ್?"

ಉಪಾಧ್ಯೆ ಎದ್ದು ಬಾಗಿಲು ತೆರೆದು, "ಮೊದ್ಲು ಅವನ್ನ ದವಾಖಾನಿಗೆ ಕರ್ಕೊಂಡು ಹೋಗ್ರಿ. ಇದನ್ನ ಆಮ್ಯಾಲೆ ಮಾತಾಡೋಣು," ಎಂದರು.

ನರರೋಗ ತಜ್ಞೆ ಅನಸೂಯಾ ಮಠಪತಿ ಯೋಗಿಯ ಗದ್ದವನ್ನು ಒಂದು ಉಪಕರಣದ ಮೇಲಿರಿಸಿ, ಅವನ ಕಣ್ಣಿಗೆ ಸಣ್ಣ ಬೆಳಕು ಬಿಟ್ಟು ನೋಡಿದರು. ಒಂದು ಹಾಳೆ ಕೊಟ್ಟು ಹೆಸರು ಬರೆಯಲು ಹೇಳಿದರು. ಕರಿಹಲಗೆಯ ಮೇಲೆ ಮುತ್ತಿನಂತೆ ಬರೆಯುತ್ತಿದ್ದ ಹುಡುಗ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದ. ರಕ್ತದ ವರದಿ ನಾಲ್ಕು ದಿನಕ್ಕೆ ಬಂತು.

"ತಾಮ್ರ," ಎಂದರು ವೈದ್ಯೆ. "ನಾವು ಉಣ್ಣೂ ಅನ್ನದಾಗ, ಕಾಳಿನ್ಯಾಗ ಎಲ್ಲಾ ಸ್ವಲ್ಪ ತಾಮ್ರ ಇರತದ. ಹೆಚ್ಚಾಗಿದ್ದನ್ನ ಪಿತ್ತಜನಕಾಂಗ ಹೊರಗ ಹಾಕತದ. ಇವರದು ಹುಟ್ಟಿನಿಂದ ಹಾಕೂದಿಲ್ಲ. ಅದು ಕೂಡತಾ ಕೂಡತಾ ಮೆದುಳಿಗೆ ಹೋಗೇದ, ಕಣ್ಣಿಗೂ ಬಂದದ."

"ಔಷಧ ಐತ್ರೀ?"

"ಅದ. ಒಳ್ಳೆ ಔಷಧನೇ ಅದ. ತಾಮ್ರಾನ ಹಿಡದು ಹೊರಗ ತರತದ." ವೈದ್ಯೆ ಯೋಗಿಯ ಕಡೆ ನೋಡಿ, ಮತ್ತೆ ನೀಲಾಳ ಕಡೆ ನೋಡಿದರು. "ಒಂದ್ ವರ್ಷದ ಹಿಂದ ಬಂದಿದ್ರ ದಿನಾ ಗುಳಿಗಿ ನುಂಗಿ ಎಲ್ಲಾರಂಗ ಇರತಿದ್ರು. ಈಗ ಎಷ್ಟು ವಾಪಸ್ ಬರತದ ಅಂತ ನಾ ಹೇಳಲಾರೆ. ಮನ್ಯಾಗ ಯಾರಿಗೂ ಫರಕ್ ಕಾಣಲಿಲ್ಲೇನ್ರಿ?"

ಯೋಗಿಯೇ ಉತ್ತರ ಕೊಟ್ಟ. ಅವನ ಮಾತು ಆಗಲೇ ಮೂಗಿನಲ್ಲಿ ಸಿಕ್ಕಿದಂತೆ ಬರುತ್ತಿತ್ತು. "ಅಕ್ಕಂದು ತಪ್ಪಿಲ್ರಿ ಡಾಕ್ಟ್ರ. ನಾನ... ಹೇಳಿರಲಿಲ್ಲ."

ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ನಿಂತುಬಿಟ್ಟಿತು. ಅವನು ಹೇಳಿದ್ದ. ಬೀರುವಿನ ಕನ್ನಡಿಯ ಮುಂದೆ, ತನಗೆ ತಿಳಿದ ಮಾತಿನಲ್ಲಿ ಹೇಳಿದ್ದ. ಕೇಳಿಸಿಕೊಳ್ಳದವಳು ತಾನು.

ಮನೆಗೆ ಬಂದ ಮೇಲೆ ಅವಳು ಬೀರುವಿನ ಮುಂದಿನ ಕುರ್ಚಿ ಎತ್ತಿ ಹಿತ್ತಿಲಿಗೆ ಒಯ್ದಳು. ಯೋಗಿಯ ಕಾಲ ಬಳಿ ನೆಲದ ಮೇಲೆ ಕುಳಿತು, "ಹೊಡಿಯೋ ನನಗ," ಎಂದಳು. "ಒಂದರ ಏಟು ಹೊಡಿ."

ಅವನು ಕೈ ಎತ್ತಿದ. ಕೈ ಅರ್ಧದಲ್ಲಿ ನಡುಗಿ, ದಾರಿ ತಪ್ಪಿ, ಕೊನೆಗೆ ಅವಳ ತಲೆಯ ಮೇಲೆ ಬಂದು ಕುಳಿತಿತು. ಅದೇ ಅವನು ಕೊಟ್ಟ ಶಿಕ್ಷೆ. ಆ ಸಂಜೆ ಅಕ್ಕ ತಮ್ಮ ಇಬ್ಬರೂ ಅತ್ತರು. ಅತ್ತದ್ದು ಅವಳ ಮುಖದಲ್ಲಿ ಕಾಣುತ್ತಿತ್ತು. ಅವನ ಮುಖದಲ್ಲಿ ನೀರು ಮಾತ್ರ ಇಳಿಯುತ್ತಿತ್ತು.

ಔಷಧ ಶುರುವಾಯಿತು. ಮೊದಲ ಕೆಲವು ವಾರ ಕೆಡಬಹುದು, ಹೆದರಬೇಡಿ ಎಂದು ವೈದ್ಯೆ ಮೊದಲೇ ಹೇಳಿದ್ದರು. ಅಲ್ಲಲ್ಲಿ ಹುದುಗಿದ್ದ ತಾಮ್ರ ಒಮ್ಮೆಲೆ ಕದಲಿದರೆ ಹಾಗಾಗುವುದುಂಟಂತೆ. ಯೋಗಿಗೆ ಕೆಟ್ಟದ್ದು ಮತ್ತೆ ಸುಧಾರಿಸಲಿಲ್ಲ. ನಾಲ್ಕನೆಯ ವಾರಕ್ಕೆ ಮಾತು ಹೋಯಿತು. ಏಳನೆಯ ವಾರಕ್ಕೆ ನುಂಗುವುದು ಕಷ್ಟವಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಮುಖ ಒಂದು ಬಿಗಿದ ನಗುವಿನಲ್ಲಿ ಹೆಪ್ಪುಗಟ್ಟಿತು. ಹೊಸಬರು ನೋಡಿದರೆ ಅಣಕಿಸುತ್ತಿದ್ದಾನೆ ಅನ್ನಬೇಕು. ಅಕ್ಕ ಎರಡು ತಿಂಗಳು ಬೇಡಿದ ನಗು ಈಗ ಹೋಗೆಂದರೂ ಹೋಗದೆ ನಿಂತಿತ್ತು.

ನೀಲಾಳ ರಕ್ತವನ್ನೂ ಪರೀಕ್ಷಿಸಿದರು. ಅಕ್ಕ ತಮ್ಮಂದಿರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಬರಬಹುದಾದ ರೋಗ ಅದು. ಅವಳಿಗೆ ಇರಲಿಲ್ಲ. ಆ ವರದಿ ಹಿಡಿದುಕೊಂಡು ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತಳು. ತನಗಿಲ್ಲ ಎಂಬ ಸಂತೋಷ ಎಷ್ಟು ಹುಡುಕಿದರೂ ಸಿಗಲಿಲ್ಲ. ಅಲ್ಲಿ ಕುಳಿತಿದ್ದಾಗಲೇ ಅವಳಿಗೆ ಉಳಿದವರು ಹೊಳೆದರು. ಇಪ್ಪತ್ತೊಂಬತ್ತನೆಯ ಅಂಶ ಕೆಂಪು ಗೆರೆ ದಾಟಿದವನು ಯೋಗಿ ಒಬ್ಬನೇ ಅಲ್ಲವಲ್ಲ.

ಮರುದಿನ ಕೇಂದ್ರಕ್ಕೆ ಹೋಗಿ ಪಟ್ಟಿ ತೆಗೆದಳು. ಎರಡು ವರ್ಷದಲ್ಲಿ ಇನ್ನೂರ ಹದಿನೇಳು ಮಂದಿ. ಅವರ ಫೋನ್ ಸಂಖ್ಯೆಗಳನ್ನು ನೋಟುಪುಸ್ತಕಕ್ಕೆ ಕೈಯಿಂದಲೇ ಬರೆದುಕೊಂಡಳು. ಅಲ್ಲೇ ಕುಳಿತು ಒಬ್ಬೊಬ್ಬರಿಗೇ ಫೋನ್ ಮಾಡಿದಳು. "ನಾ ಡಾಕ್ಟರಲ್ರಿ. ನಿಮಗೇನಾಗೇತಿ ನನಗ ಗೊತ್ತಿಲ್ಲ. ಆದ್ರ ಕನ್ನಡಿಗೆ ಏನೋ ಕಂಡೈತಿ. ದಯವಿಟ್ಟು ಒಮ್ಮೆ ತೋರಿಸ್ಕೊಳ್ರಿ." ಕೆಲವರು ಬೈದು ಫೋನ್ ಇಟ್ಟರು. ಕೆಲವರು ಅಳುತ್ತ ಮತ್ತೆ ಮತ್ತೆ ಅದನ್ನೇ ಕೇಳಿದರು. ಹತ್ತೊಂಬತ್ತು ಮನೆಗಳಲ್ಲಿ, ಫೋನ್ ಎತ್ತಿದವರು ಅವಳು ಕೇಳಿದ ಹೆಸರಿನವರು ಈಗಿಲ್ಲ ಎಂದರು.

ಮೂರನೆಯ ದಿನ ಉಪಾಧ್ಯೆ ಬಂದು ಅವಳ ಮೇಜಿನ ಪಕ್ಕ ನಿಂತರು. "ಮ್ಯಾಲಿನವರಿಗೆ ಗೊತ್ತಾಗೇತ್ರಿ. ನಾಳೆಯಿಂದ ನಿಮ್ಮನ್ನ ಒಳಗ ಬಿಡೂದಿಲ್ಲ."

"ಇನ್ನೂ ಅರವತ್ತು ಮಂದಿ ಉಳದಾರ ಸರ್."

ಅವರು ಗಡಿಯಾರ ನೋಡಿದರು. ಬಾಗಿಲು ಮುಚ್ಚಿ, ಎದುರಿನ ಕುರ್ಚಿ ಎಳೆದುಕೊಂಡು, ತಮ್ಮ ಫೋನ್ ತೆಗೆದರು. "ಮೂವತ್ತು ನನಗ ಕೊಡ್ರಿ," ಎಂದರು.

ಇಬ್ಬರೂ ಕೆಲಸ ಕಳೆದುಕೊಂಡರು. ವಿಷಯ ಪತ್ರಿಕೆಗಳಿಗೆ ಹೋಯಿತು, ವಿಚಾರಣೆ ನಡೆಯಿತು. ನೀಲಾ ಸಾಕ್ಷಿ ಹೇಳುವಾಗ ತಾನು ಸಹಿ ಹಾಕಿದ್ದನ್ನು ಮುಚ್ಚಿಡಲಿಲ್ಲ. ಕಡೆಗೆ ಕಾಯ್ದೆಗೆ ಒಂದು ಸಾಲು ಸೇರಿತು: ಯಂತ್ರ ಕಂಡದ್ದನ್ನು ಮೊದಲು ಅಭ್ಯರ್ಥಿಗೇ ತಿಳಿಸತಕ್ಕದ್ದು. ನಿಲುಗನ್ನಡಿಗಳು ಉಳಿದವು. ಅವಿಲ್ಲದೆ ನೌಕರಿ ಕೊಡುವ ಬಗೆ ಜನಕ್ಕೆ ಮರೆತೇ ಹೋಗಿತ್ತು.

ಒಂದು ಮಧ್ಯಾಹ್ನ ರೋಣದಿಂದ ಮೆಹಬೂಬಿ ಎಂಬ ಹುಡುಗಿ ತನ್ನ ತಾಯಿಯೊಂದಿಗೆ ಆಸ್ಪತ್ರೆಗೆ ಬಂದಳು. ನೀಲಾ ಫೋನ್ ಮಾಡಿದವರಲ್ಲಿ ಅವಳೂ ಒಬ್ಬಳು. ಅವಳ ಮೆದುಳಿನ ಹೊರಪದರದಲ್ಲಿದ್ದ ಗಡ್ಡೆ ಚಿಕ್ಕದಿರುವಾಗಲೇ ಸಿಕ್ಕಿ, ಶಸ್ತ್ರಚಿಕಿತ್ಸೆ ಆಗಿ, ತಲೆಯ ಮೇಲೆ ಹೊಸ ಕೂದಲು ಬರತೊಡಗಿತ್ತು. ತಾಯಿ ಯೋಗಿಯ ಮಂಚದ ಪಕ್ಕ ನಿಂತು ಅವನ ಮಡಚಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಈ ಮಗನಿಂದ ನನ್ನ ಮಗಳು ಉಳದಾಳ್ರಿ," ಎಂದರು. "ಇವಂಗ ನಮ್ಮ ಮಾತು ಕೇಳಸ್ತೈತೇನವ್ವಾ?"

"ಎಲ್ಲಾ ಕೇಳಸ್ತೈತ್ರಿ," ಎಂದಳು ನೀಲಾ. "ಎಲ್ಲಾ ತಿಳೀತೈತಿ. ಹೇಳಾಕ ಆಗೂದಿಲ್ಲ ಅಷ್ಟ."

ಅವರು ಹೋದ ಮೇಲೆ ಅವಳು ಬಹಳ ಹೊತ್ತು ತಮ್ಮನ ಮುಖ ನೋಡುತ್ತ ಕುಳಿತಳು. ಅವನಿಗೆ ಸಂತೋಷವಾಯಿತೋ, ಇನ್ನೊಬ್ಬರ ಮಗಳು ಉಳಿದು ತಾನು ಉಳಿಯುವುದಿಲ್ಲವೆಂದು ಸಂಕಟವಾಯಿತೋ, ತಿಳಿಯುವ ದಾರಿ ಇರಲಿಲ್ಲ. ಹನ್ನೊಂದು ವರ್ಷ ಸಾವಿರಾರು ಮುಖಗಳನ್ನು ಅಳೆದವಳಿಗೆ ಆ ಒಂದು ಮುಖ ಓದಲು ಬರಲಿಲ್ಲ.

ಶ್ರಾವಣದ ಎರಡನೆಯ ವಾರ ಯೋಗಿಗೆ ಶ್ವಾಸಕೋಶದ ಸೋಂಕು ತಗುಲಿತು. ಐದು ದಿನ ಜ್ವರ ಇಳಿಯಲಿಲ್ಲ. ಆರನೆಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಕಿಟಕಿಯಿಂದ ಬಿಸಿಲು ಮಂಚದ ಕಾಲಿನವರೆಗೆ ಬಂದಿದ್ದಾಗ, ನೀಲಾ ಅವನ ಹಣೆ ಒರೆಸುತ್ತಿದ್ದಂತೆಯೇ ಉಸಿರು ನಿಂತಿತು. ಅವಳು ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತಳು.

ನರ್ಸ್ ಬಂದು ನಾಡಿ ನೋಡಿ, ನಳಿಕೆಗಳನ್ನು ತೆಗೆದಳು. ಬಿಳಿ ಹೊದಿಕೆಯನ್ನು ಮೇಲಕ್ಕೆ ಎಳೆಯಲು ಕೈ ಹಾಕಿದಳು.

"ತಡೀರಿ," ಎಂದಳು ನೀಲಾ.

ಮಡಚಿಕೊಂಡಿದ್ದ ಬೆರಳುಗಳು ಮೆಲ್ಲಗೆ ಬಿಚ್ಚುತ್ತಿದ್ದವು. ಬಿಗಿದ ದವಡೆ ಸಡಿಲವಾಯಿತು. ಎಳೆದು ಕಟ್ಟಿದಂತಿದ್ದ ತುಟಿಗಳು ಇಳಿದು ತಮ್ಮ ಜಾಗಕ್ಕೆ ಬಂದವು. ಹುಬ್ಬಿನ ನಡುವಿನ ಗಂಟು ಕರಗಿತು. ಎರಡು ವರ್ಷದಿಂದ ಅವಳು ಕಾಣದ ಮುಖ ಕೆಲವೇ ನಿಮಿಷದಲ್ಲಿ ದಿಂಬಿನ ಮೇಲೆ ಮೂಡಿತು. ಇನ್ನೊಂದು ಗಳಿಗೆಗೆ ಏನೋ ಹೇಳಲಿದ್ದಾನೆ ಅನ್ನುವಂತಿತ್ತು.

ಆರು ತಿಂಗಳಿಂದ ಅವನನ್ನು ನೋಡಿಕೊಂಡಿದ್ದ ನರ್ಸ್ ಹೊದಿಕೆ ಹಿಡಿದ ಕೈ ಹಿಂದಕ್ಕೆ ತೆಗೆದುಕೊಂಡಳು.

"ಇವರು ಹಿಂಗಿದ್ರೇನ್ರಿ ಅಕ್ಕಾರ?" ಎಂದಳು. "ನಮಗ ಗೊತ್ತ ಇರಲಿಲ್ಲ ನೋಡ್ರಿ."

ನೀಲಾ ಹೌದೆಂದು ತಲೆಯಾಡಿಸಿದಳು. ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ಮೈ ತಣ್ಣಗಾಗಿ ಆ ಮುಖ ಮತ್ತೆ ಬಿಗಿಯುವ ಮೊದಲು ಎಷ್ಟು ಆಗುತ್ತದೋ ಅಷ್ಟು ನೋಡಿಕೊಳ್ಳಲು ಕುಳಿತಳು.